ಬೆನ್ನ ಮೇಲಿನ ಹೆಸರು

ಬ್ರೂಮ್‌ಹಿಲ್, ಶೆಫೀಲ್ಡ್
೧೦-೧೧-೨೦೨೫, ಸೋಮವಾರ

ಯಜಮಾನರ ಪಾದಗಳಿಗೆ ನಿಮ್ಮ ರತ್ನಮ್ಮ ಮಾಡುವ ಶರಣು.

ಇವತ್ತು ಕಾರ್ತಿಕದ ಮೂರನೇ ಸೋಮವಾರ, ಉಪವಾಸ. ಬೆಳಿಗ್ಗೆ ಕಸ ಗುಡಿಸಿ, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿದೆ. ಬಿಲ್ವಪತ್ರೆ ಇಲ್ಲಿ ಸಿಗುವುದಿಲ್ಲ. ಊರಿಂದ ತಂದ ದಳಗಳನ್ನೇ ತೊಳೆದು ತೊಳೆದು ಏರಿಸುತ್ತಿದ್ದೇನೆ. ಕೃತಿಗೆ ಜಡೆ ಹಾಕಿ ನರ್ಸರಿಗೆ ಕಳಿಸಿ, ಹರ್ಷಿತಾ ಆಸ್ಪತ್ರೆಯ ಲ್ಯಾಬಿಗೆ ಹೋದ ಮೇಲೆ ಒಂದು ಲೋಟ ಹಾಲು ಕುಡಿದು ಬರೆಯಲು ಕೂತಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ಗಿರಣಿಯಲ್ಲಿ ನಿಂತಾಗ ಮೂಗಿಗೆ ಟವೆಲ್ ಕಟ್ಟಿಕೊಳ್ಳಿ. ಮೈದುನನ ಮನೆಯಿಂದ ಊಟ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ನೀವು "ಹೂಂ" ಅಂದು ಫೋನನ್ನು ಮೈದುನನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ನೀವು ನನ್ನನ್ನು ಕಳಿಸಿದ್ದು ಒಂದೇ ಕೆಲಸಕ್ಕೆ, ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬರಲಿಕ್ಕೆ. ಹರ್ಷಿತಾ ಒಂದು ದಿನವೂ ಎದುರಾಡಲಿಲ್ಲ. ಪಾತ್ರೆಪಗಡ ಒಬ್ಬೊಬ್ಬರಿಗೆ ಕೊಟ್ಟಳು, ಲ್ಯಾಬಿನಲ್ಲಿ ಕೆಲಸ ಬಿಡುತ್ತೇನೆಂದು ಹೇಳಿಯೂ ಬಂದಳು. ಕೇಳಿಕೊಂಡಿದ್ದು ಒಂದೇ: "ಅತ್ತೆ, ಶನಿವಾರ ನನ್ನ ಕಡೇ ಆಟ. ಒಂದ್ ಸಲ ಬಂದು ನೋಡ್ರಿ. ಆಮೇಲೆ ನೀವು ಹೇಳ್ದಂಗೆ." ಸಂಜೆ ಚಕ್ರದ ಬೂಟು ಚೀಲಕ್ಕೆ ಹಾಕಿಕೊಂಡು ಎಲ್ಲಿಗೋ ಹೋಗಿ, ಮೊಣಕಾಲು ಕಂದಿಸಿಕೊಂಡು ಬರುತ್ತಿದ್ದಳು, ಅದು ಈ ಆಟಕ್ಕೇ. ರೋಲರ್ ಡರ್ಬಿ ಅನ್ನುತ್ತಾರೆ. ನನಗೆ ಮನಸ್ಸಿರಲಿಲ್ಲ. ಮಗನನ್ನು ಮಣ್ಣು ಮಾಡಿ ಇನ್ನೂ ವರ್ಷ ತುಂಬಿಲ್ಲ, ಇವಳಿಗೆ ಆಟವೇ ಅನ್ನಿಸಿತು. ಆದರೂ ಹೋದೆ.

ಮಾಳಿಗೆ ಮನೆಯ ಡಾಕ್ಟರು ರಾಜೇಶ್ವರಿ ನಮ್ಮ ದಾವಣಗೆರೆಯವರೇ, ಅವರೇ ನನ್ನನ್ನೂ ಕೃತಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಎಪಿಎಂಸಿ ಗೋದಾಮಿನಷ್ಟು ದೊಡ್ಡ ಕಟ್ಟಡ, ನೆಲದ ಮೇಲೆ ಮೊಟ್ಟೆಯಾಕಾರದ ಗೆರೆ. ಆಡುವವರೆಲ್ಲ ಹೆಂಗಸರು, ಮೊಮ್ಮಕ್ಕಳಿರಬಹುದಾದ ಗಟ್ಟಿಮುಟ್ಟು ಹೆಂಗಸರೂ ಇದ್ದರು. ತುಂಡು ಚಡ್ಡಿ, ತಲೆಗೆ ಟೋಪಿ, ಮೈಯೆಲ್ಲ ಹಚ್ಚೆ. ನಾನು ಸೆರಗು ಹೊದ್ದು ತಲೆ ತಗ್ಗಿಸಿ ಕೂತೆ. ಎರಡು ಗುಂಪು; ಒಂದೊಂದು ಗುಂಪಿನಲ್ಲಿ ಒಬ್ಬಳ ಟೋಪಿಯ ಮೇಲೆ ನಕ್ಷತ್ರ. ಆ ನಕ್ಷತ್ರದವಳು ಎದುರು ಗುಂಪಿನವರನ್ನು ಸೀಳಿಕೊಂಡು ಮುಂದೆ ಹೋಗಬೇಕು, ಅವರು ಸೊಂಟದಲ್ಲಿ, ಹೆಗಲಲ್ಲಿ ಗುದ್ದಿ ತಡೆಯುತ್ತಾರೆ. ನಮ್ಮ ಗಿರಣಿಯ ಬೆಲ್ಟಿನ ಹಾಗೆ ಸುತ್ತಿದ್ದೇ ಸುತ್ತಿದ್ದು. "ಇದೇನು ಆಟವೋ ಬಸ್ ಸ್ಟ್ಯಾಂಡೋ" ಅಂದೆ. ರಾಜೇಶ್ವರಿ ನಕ್ಕು, "ಅಮ್ಮಾ, ನಿಮ್ಮ ಸೊಸೆ ಬಂದ್ಲು ನೋಡ್ರಿ" ಅಂದರು.

ನಕ್ಷತ್ರ ಅವಳ ತಲೆಯ ಮೇಲಿತ್ತು. ಆಗಲೇ ಸುತ್ತ ಕೂತವರೆಲ್ಲ ಕೂಗತೊಡಗಿದರು: "ಚಿಡೂ! ಚಿಡೂ!" ಹರ್ಷಿತಾ ತಿರುವಿನಲ್ಲಿ ಬಾಗಿದಾಗ ಬೆನ್ನು ಕಾಣಿಸಿತು. ಅಂಗಿಯ ಮೇಲಿದ್ದ ಐದು ಇಂಗ್ಲಿಷ್ ಅಕ್ಷರ ನನಗೂ ಓದಲು ಬರುತ್ತದೆ. ಚಿದು. ನಮ್ಮ ಚಿದಾನಂದನನ್ನು ನಾವು ಮನೆಯಲ್ಲಿ ಕರೆಯುತ್ತಿದ್ದ ಹೆಸರು.

ಮಣ್ಣು ಕೊಟ್ಟು ಬಂದ ದಿನ ನೀವು ಪಡಸಾಲೆಯಲ್ಲಿ ನಿಂತು, "ಈ ಮನೇಲಿ ಆ ಹೆಸರು ಯಾರೂ ಎತ್ತಬ್ಯಾಡ್ರಿ, ನನ್ನ ಕೈಲಿ ಆಗಲ್ಲ" ಅಂದಿರಿ. ಅವನ ಫೋಟೋ ಬೀರುವಿನೊಳಗೆ ಹೋಯಿತು. ಅವತ್ತಿನಿಂದ ನಾನು ಪೂಜೆಯಲ್ಲೂ ಮನಸ್ಸಿನೊಳಗೇ ಅಂದುಕೊಳ್ಳುತ್ತೇನೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಕಲಿತು ಬೆಳೆದವಳು ನಾನು, ಇವಳು ಬೆನ್ನಿನ ಮೇಲೆ ಬರೆಸಿಕೊಂಡಿದ್ದಾಳೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಪಕ್ಕದ ಬಿಳಿ ಅಜ್ಜಿ, ಅವನ ಮುಖ ಕಂಡವಳೇ ಅಲ್ಲ, ಗಂಟಲು ಹರಿಯುವ ಹಾಗೆ ನನ್ನ ಮಗನನ್ನು ಕರೆಯುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಯಾರದೋ ಹೆಗಲು ತಾಗಿ ಹರ್ಷಿತಾ ಅಂಗಾತ ಬಿದ್ದಳು, ಏಳಲಿಲ್ಲ. ಸೀಟಿ ಊದಿದರು. ಎರಡೂ ಗುಂಪಿನವರು ನಿಂತ ನಿಂತಲ್ಲೇ ಒಂದು ಮೊಣಕಾಲೂರಿ ಕೂತುಬಿಟ್ಟರು. ಆ ಗದ್ದಲವೆಲ್ಲ ನಿಂತುಹೋಯಿತು. ಪ್ರಾರ್ಥನೆ ಅಂದುಕೊಂಡು ನಾನೂ ಬೆಂಚಿನಿಂದಿಳಿದು ನೆಲದ ಮೇಲೆ ಮೊಣಕಾಲೂರಿ ಕೈ ಮುಗಿದೆ. "ಪ್ರಾರ್ಥನೆ ಅಲ್ಲಮ್ಮಾ, ಬಿದ್ದೋರು ಏಳೋವರೆಗೂ ಹಂಗೇ ಕೂರೋದು ಇಲ್ಲಿಯ ಪದ್ಧತಿ" ಅಂದರು ರಾಜೇಶ್ವರಿ. ಆದರೂ ನಾನು ಏಳಲಿಲ್ಲ. ಕೃತಿ ನನ್ನ ಸೆರಗು ಹಿಡಿದು, "ಅಜ್ಜೀ, ಮಮ್ಮಿ ವಿಲ್ ಗೆಟ್ ಅಪ್" ಅಂದಿತು, ನನಗೇ ಸಮಾಧಾನ ಹೇಳುವ ಹಾಗೆ.

ಎದ್ದಳು. ತುಟಿಯಲ್ಲಿ ರಕ್ತ, ಮುಖದಲ್ಲಿ ನಗು. ಎಲ್ಲರೂ ಚಪ್ಪಾಳೆ ತಟ್ಟಿ ಮತ್ತೆ ಅವನ ಹೆಸರು ಕೂಗಿದರು. ನನ್ನ ಬಾಯಿಂದಲೂ ಬಂತು, "ಚಿದೂ" ಅಂತ. ಒಂದು ಸಲ ಬಂದ ಮೇಲೆ ನಿಲ್ಲಿಸಲಾಗಲಿಲ್ಲ. ನಿಮ್ಮ ಮಾತು ಮೀರಿದೆ, ಮನ್ನಿಸಿ.

ಮನೆಗೆ ಬಂದ ಮೇಲೆ ಆ ಹೆಸರು ಯಾಕೆ ಹಾಕಿಸಿಕೊಂಡೆ ಎಂದು ಕೇಳಿದೆ. "ಇಲ್ಲಿ ಎಲ್ರೂ ಒಂದೊಂದು ಹೆಸರು ಇಟ್ಕೊಳ್ತಾರತ್ತೆ. ಮನೇಲಿ ಯಾರೂ ಕರಿಯಲ್ಲ. ಯಾರಾದ್ರೂ ಕರೀಲಿ ಅಂತ" ಅಂದಳು. ಆಮೇಲೆ ಬೆವರು ಆರದ ಆ ಅಂಗಿಯನ್ನು ಮಡಿಚಿ, ಸೂಟ್‌ಕೇಸಿನ ಮುಂದೆ ಕೂತು, "ಇದನ್ನ ಊರಿಗೆ ತರಬಹುದಾ ಅತ್ತೆ?" ಎಂದು ಕೇಳಿದಳು. ನಮ್ಮ ಮನೆಯ ಗೋಡೆಗಳನ್ನೆಲ್ಲ ಮನಸ್ಸಿನಲ್ಲೇ ನೋಡಿಕೊಂಡು ಬಂದೆ. ಆ ಅಂಗಿ ತೂಗುಹಾಕಲು ಒಂದು ಗೂಟ ಕಾಣಲಿಲ್ಲ.

ಮೈದುನನಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಮಗನ ಗದ್ದುಗೆಗೆ ಕಾರ್ತಿಕದ ಕಡೇ ಸೋಮವಾರ ಸಂಜೆ ದೀಪ ಹಚ್ಚಿಸಿ.

ನಿಮ್ಮ
ರತ್ನಮ್ಮ

ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬರಲಿಲ್ಲ: ನಾನು ಒಬ್ಬಳೇ ಬರುತ್ತೇನೆ. ಹರ್ಷಿತಾಗೆ ನಿನ್ನೆ ಹೇಳಿದೆ, ಸೂಟ್‌ಕೇಸ್ ನಾನೇ ಬಿಚ್ಚಿದೆ. ಕೃತಿಯನ್ನು ಎತ್ತಿಕೊಳ್ಳಲು ನೀವು ಎಷ್ಟು ಕಾಯುತ್ತಿದ್ದೀರಿ ಎಂದು ನನಗೆ ಗೊತ್ತು. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವಳನ್ನಲ್ಲ. ರಾಜೇಶ್ವರಿ ನಾಳೆ ಊರಿಗೆ ಹೊರಡುತ್ತಾರೆ, ಈ ಕಾಗದ ಅವರ ಕೈಲಿ. ಅವರು ವಾಪಸ್ ಬರುವ ಮುಂಚೆ ಅವರ ತಮ್ಮ ಋಷಿ ಗಿರಣಿಗೆ ಬಂದು ನಿಮ್ಮ ಉತ್ತರ ತೆಗೆದುಕೊಂಡು ಹೋಗಲಿ ಎಂದು ಕೇಳಿಕೊಂಡಿದ್ದೇನೆ. ಬೇರೇನೂ ಬರೆಯಲಾಗದಿದ್ದರೆ ಬೇಡ. ನಮ್ಮ ಮಗನ ಹೆಸರೊಂದನ್ನು ನಿಮ್ಮ ಕೈಯಾರೆ ಬರೆದು ಕೊಟ್ಟು ಕಳಿಸಿ.