ಅರಿಶಿನಕ್ಕೆ ಮೊದಲೇ ಹಳದಿಯಾದ ಮದುಮಗ

ಸುಬ್ರಾಯನ ಅಪ್ಪನವರಿಗೆ,

ಬರೆಯುತ್ತಿರುವವಳು ನಿಮ್ಮ ಹೆಂಡತಿ ಪಾರ್ವತಿ, ಕುಮಟೆಯ ಈ ಮನೆಯ ಯಜಮಾನಿ. ನನ್ನ ಮಾತಿಗೆ ಇಲ್ಲಿ ಯಾರೂ ಎದುರಾಡುವುದಿಲ್ಲ, ಕೊಟ್ಟಿಗೆಯ ಕಪ್ಪು ಎಮ್ಮೆಯೊಂದನ್ನು ಬಿಟ್ಟು.

ನೀವು ತೀರಿಹೋದ ಮೇಲೆ ನಾನು ಹಾಕಿದ ಪಿಂಚಣಿಯ ಅರ್ಜಿ ತಿರಸ್ಕೃತವಾಯಿತು. ಯುದ್ಧಕಾಲದಲ್ಲಿ ನೀವು ಬಾಂಬಿಗೆ ಸಿಡಿಮದ್ದು ತುಂಬಿದ್ದಕ್ಕೆ ಪುರಾವೆ ಇಲ್ಲವಂತೆ. ಸೈನ್ಯದವರ ಪಾಲಿಗೆ ನೀವು ಬರೀ ಉಗ್ರಾಣದ ಕಾವಲುಗಾರ. ನಿಮ್ಮ ಜೀವ ತೆಗೆದ ಯಕೃತ್ತು ಕೆಟ್ಟದ್ದು ಊರಿಗೆ ಮರಳಿದ ಮೇಲೆ, ಕುಡಿತದಿಂದಂತೆ! ಮಜ್ಜಿಗೆ ಹುಳಿಯಾದರೂ ಮುಖ ಕಿವುಚುತ್ತಿದ್ದ ನೀವು... ನಿಮ್ಮ ಹೆಸರಿನ ಮೇಲೆ ಆ ಮಾತು ಉಳಿಯಲು ನಾನು ಬಿಡುತ್ತೇನೆಯೇ?

ನಮ್ಮ ಮದುವೆಗೆಂದು ಅಲ್ಲಿಂದ ರಜೆಯಲ್ಲಿ ಬಂದದ್ದು ನೆನಪಿದೆಯೇ? ಅಂಗೈ, ಮುಂಗೂದಲು ಎಲ್ಲ ಹಳದಿ. ಅರಿಶಿನ ಹಚ್ಚಲು ಬಂದ ಹೆಂಗಸರು ಬಟ್ಟಲು ಕೆಳಗಿಟ್ಟು ನಕ್ಕಿದ್ದರು. ಮದುಮಗನನ್ನು ಹಾಡು ಕಟ್ಟಿ ಹಂಗಿಸುವುದು ನಮ್ಮ ಪದ್ಧತಿಯಲ್ಲವೇ? ಅವರಿಗೆ ನಿಮ್ಮ ಬಣ್ಣವೇ ಹಾಡಾಯಿತು.

ಮತ್ತೆ ಅರ್ಜಿ ಹಾಕಿದೆ. ವಿಚಾರಣೆಗೆ ಸೈನ್ಯದ ಡಾಕ್ಟರು ಹೊನ್ನಾವರಕ್ಕೆ ಬಂದಾಗ, ಅಂದು ಹಾಡಿದ್ದ ಅಘನಾಶಿನಿಯ ಗೌರಜ್ಜಿಯನ್ನು ಬಸ್ಸು ಹತ್ತಿಸಿಕೊಂಡು ಹೋದೆ.

"ಹಾಡು ಸಾಕ್ಷಿ ಆಗ್ತದೆಯೇ ಅಮ್ಮಾ?" ಎಂದರು ಡಾಕ್ಟರು.

"ಎಂತಕ್ಕೆ ಆಗುದಿಲ್ಲ?" ಎಂದಳು ಗೌರಜ್ಜಿ. "ನಿಮ್ಮ ಮದುವೇಲಿ ಯಾರೂ ಹಾಡ್ಲಿಲ್ವಾ ಒಡೆಯಾ? ಪಾಪ!"

ಡಾಕ್ಟರು ನಕ್ಕುಬಿಟ್ಟರು. ಅಷ್ಟರಲ್ಲಿ ಅವಳು ಶುರುಮಾಡಿಯೇ ಬಿಟ್ಟಿದ್ದಳು:

ಕೈಯೂ ಹಳದಿ, ಕೂದಲೂ ಹಳದಿ,
ಕಣ್ಣೆರಡು ಮಾತ್ರ ಹಾಲುಬಿಳಿ,
ಮಿಂದರೂ ಹೋಗದ ಬಣ್ಣದ ಮದುಮಗ...

ಡಾಕ್ಟರ ನಗು ನಿಂತಿತು. "ಕಣ್ಣಿನ ಸಾಲು ಇನ್ನೊಮ್ಮೆ ಹಾಡಜ್ಜಿ" ಎಂದರು. ಆಮೇಲೆ ನನಗೆ ಹೇಳಿದರು: "ಕಾಮಾಲೆಯಾಗಿದ್ದರೆ ಕಣ್ಣು ಮೊದಲು ಹಳದಿಯಾಗ್ತಿತ್ತು. ಇದು ಸಿಡಿಮದ್ದಿನ ಪುಡಿಯ ಬಣ್ಣ. ಅಂಥವರನ್ನು ನಾನೇ ನೋಡಿದ್ದೇನೆ. ಯಕೃತ್ತನ್ನು ಕೆಡಿಸುವುದೂ ಅದೇ."

"ಆತಲ್ಲಾ! ಇನ್ನು ಚಾ ಕುಡಿಸು" ಎಂದು ಗೌರಜ್ಜಿ ನನ್ನನ್ನು ಎಬ್ಬಿಸಿದಳು.

ಪಿಂಚಣಿ ಮಂಜೂರಾಯಿತು. ಆದರೆ ಮೇಲಿನವರು ಆದೇಶದಲ್ಲಿ ಬರೆದದ್ದೇನು? 'ವಿಧವೆಯ ಮೇಲಿನ ದಯೆಯಿಂದ.' ಕುಡಿತದ ಮಾತು ಹಾಗೆಯೇ ಇತ್ತು.

"ಸಿಕ್ಕಿದ್ದು ತಕೊಳ್ಳೇ ಅಬ್ಬೆ, ಹಟ ಎಂತಕ್ಕೆ?" ಎಂದ ಸುಬ್ರಾಯ.

"ನಿನ್ನಪ್ಪ ದಯೆ ಕೇಳಲು ಹೋಗಿದ್ದನೇನೋ ಅಲ್ಲಿಗೆ?" ಎಂದೆ. ಡಾಕ್ಟರು ಕಂಡುಕೊಂಡದ್ದನ್ನು ಬರೆಯಿರಿ, ಇಲ್ಲವಾದರೆ ನಿಮ್ಮ ಹಣ ಬೇಡ ಎಂದು ಬರೆದು ಆದೇಶವನ್ನು ಹಿಂದಕ್ಕೆ ಕಳಿಸಿದೆ. ಮಳೆಗಾಲವಿಡೀ ಉತ್ತರವಿಲ್ಲ. ಸುಬ್ರಾಯ ಮುಖ ಊದಿಸಿಕೊಂಡೇ ಓಡಾಡಿದ.

ಮೊನ್ನೆ ಹೊಸ ಆದೇಶ ಬಂತು: 'ಸೇವೆಯಲ್ಲಿ ತಗುಲಿದ ಸಿಡಿಮದ್ದಿನ ವಿಷದಿಂದ ಮರಣ.' ಆ ಸಾಲನ್ನು ಜಗಲಿಯಲ್ಲಿ ಕೂತ ನಿಮ್ಮ ಮುದಿ ತಾಯಿಗೆ ಗಟ್ಟಿಯಾಗಿ ಓದಿ ಹೇಳಿ, ನಿನ್ನೆ ಪಿಂಚಣಿಯ ಕಾಗದಕ್ಕೆ ಸಹಿ ಹಾಕಿದೆ.