ತಾತ ಕೂರಿಸಿದ ಎಡಗಡೆ ಬ್ರೇಕು

ಮಾಧವರಂ, ಚೆನ್ನೈ
7 ಫೆಬ್ರವರಿ 2025, ಶುಕ್ರವಾರ

ಪ್ರೀತಿಯ ತಾತನಿಗೆ ತೃಪ್ತಿ ಮಾಡುವ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ನಿಮ್ಮ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಯಾರೋ ಇಟ್ಟಿಗೆ ಒತ್ತುಕೊಟ್ಟಿದ್ದರು. ನಿನ್ನೆ ತಾನೇ ಬ್ರೇಕ್ ರಿಪೇರಿಯಾದ ಗಾಡಿಗೆ ಇಟ್ಟಿಗೆ ಏಕೆ ಬೇಕು ಎಂದು ನೋಡುತ್ತಾ ನಿಂತವಳು ಈಗ ಈ ಕಾಗದಕ್ಕೆ ಕೂತಿದ್ದೇನೆ. ಕ್ಷೇಮ ಕೇಳುವ ಮೊದಲೇ ಇಟ್ಟಿಗೆಯ ಮಾತು ತೆಗೆದೆ, ಬೇಸರಿಸಬೇಡಿ. ಆಸ್ಪತ್ರೆಯಿಂದ ಬಂದ ಮೇಲೆ ಊಟ ಸೇರುತ್ತಿದೆಯೇ? ಉಬ್ಬಸ ಕಡಿಮೆಯಾಯಿತೇ? ಗಂಜಿಗೆ ಉಪ್ಪು ಸಾಲದೆಂದು ಸುಗುಣತ್ತೆಯ ಜೊತೆ ಜಗಳವಾಡಿದಿರಂತೆ. ಜಗಳಕ್ಕೆ ಶಕ್ತಿ ಬಂದಿದೆಯಲ್ಲ ಎಂದು ಇಲ್ಲಿ ನಮಗೆಲ್ಲ ಸಮಾಧಾನ. ಫೋನಿನಲ್ಲಿ ನನ್ನ ದನಿ ನಿಮಗೆ ಕೇಳುವುದಿಲ್ಲ, ನನಗೆ ಕೂಗಲು ಬರುವುದಿಲ್ಲ. ಕಾಗದವೇ ನಮ್ಮಿಬ್ಬರಿಗೂ ಸರಿ.

ಎಂ.ಎ. ಮುಗಿದ ಮೇಲೆ ಮಹದೇವ ಚಿಕ್ಕಪ್ಪನ ನರ್ಸರಿಯಲ್ಲಿ ಸಸಿಗಳಿಗೆ ಹೆಸರಿನ ಚೀಟಿ ಬರೆಯುತ್ತಿದ್ದೇನೆ. ನೀವು ಬೇಸಾಯ ಬಿಟ್ಟಾಗ ಅವರಿಗೆ ಕೊಟ್ಟ ಟ್ರ್ಯಾಕ್ಟರು, ನನ್ನಪ್ಪನಿಗಿಂತ ದೊಡ್ಡ ವಯಸ್ಸಿನದು, ಇಲ್ಲಿ ಮಣ್ಣು ಗೊಬ್ಬರ ಎಳೆದುಕೊಂಡಿದೆ. ಈ ಭಾನುವಾರ ಮಾತ್ರ ಅದಕ್ಕೆ ಬೇರೆ ಕೆಲಸ. ಚಿಕ್ಕಪ್ಪನ ಮಗಳು ತೇಜುವಿನ ಶಾಲೆಯಿಂದ ಇಪ್ಪತ್ತು ಮಕ್ಕಳು ನರ್ಸರಿ ನೋಡಲು ಬರುತ್ತಾರೆ. ಅವರನ್ನು ಟ್ರೈಲರಿನಲ್ಲಿ ಕೂರಿಸಿಕೊಂಡು ಕೆರೆಯ ದಡದವರೆಗೆ ಹೋಗಿಬರುತ್ತೇನೆಂದು ಚಿಕ್ಕಪ್ಪ ಒಪ್ಪಿಕೊಂಡಿದ್ದಾರೆ. ಆ ದಾರಿ ಇಳಿಜಾರು, ಬಲಗಡೆಗೆ ಬರೀ ನೀರು. ಬ್ರೇಕ್ ಪೆಡಲ್ ತುಳಿದರೆ ತಳ ಮುಟ್ಟುತ್ತಿತ್ತು. ಅದಕ್ಕೇ ಮೆಕ್ಯಾನಿಕ್ ಏಳುಮಲೈ ಅವರನ್ನು ಕರೆಸಿದ್ದು. ಎರಡೂ ಕಡೆಯ ಬ್ರೇಕಿನ ಲೈನಿಂಗ್ ಪಟ್ಟಿ ಹೊಸದಾಯಿತು ಎಂದು ನಿನ್ನೆ ರಾತ್ರಿ ಚಿಕ್ಕಪ್ಪ ಊಟದ ಹೊತ್ತಿಗೆ ಎರಡು ಸಲ ಹೇಳಿದರು. ಒಂದು ಸಲ ಹೇಳಿದ್ದರೆ ನಾನು ನಂಬುತ್ತಿದ್ದೆನೇನೋ.

ಇಟ್ಟಿಗೆ ಕಂಡ ಮೇಲೆ ಬಗ್ಗಿ ನೋಡಿದೆ. ಬಲ ಚಕ್ರದ ನಟ್ಟುಗಳ ಮೇಲೆ ಸ್ಪ್ಯಾನರ್ ಹಾಕಿದ ಹೊಸ ಗೀರುಗಳಿದ್ದವು, ಗ್ರೀಸು ಒರೆಸಿದ ಗುರುತಿತ್ತು. ಎಡ ಚಕ್ರದ ನಟ್ಟುಗಳ ಸುತ್ತ ಹೋದ ಮಳೆಗಾಲದ ಕೆಸರು ಹಾಗೇ ಒಣಗಿ ಕೂತಿತ್ತು. ಆ ಚಕ್ರವನ್ನು ಯಾರೂ ಬಿಚ್ಚಿಯೇ ಇಲ್ಲ. ಒಂದು ಕಡೆ ಕೆಲಸ ಮಾಡಿ ಎರಡು ಕಡೆಯದೆಂದು ನಂಬಿಸಿದ್ದಾರೆ ಎಂದು ನನ್ನ ಅನುಮಾನ ನೇರವಾಗಿ ಏಳುಮಲೈ ಅವರ ಮೇಲೆ ಹೋಯಿತು. ಅವರು ವೀಳ್ಯ ಜಗಿಯುತ್ತಾ ಮುಖ ನೋಡದೆ ಮಾತಾಡುವುದು, ಹೊರಡುವಾಗ ಟೀ ಕೂಡ ಕುಡಿಯದೆ ಅವಸರ ಮಾಡಿದ್ದು, ಎಲ್ಲವೂ ಕಳ್ಳತನದಂತೆಯೇ ಕಾಣತೊಡಗಿತು. ಆಮೇಲೆ ಚೀಟಿ ಬರೆಯುವ ಇಂಕು ಹುಡುಕಲು ಚಿಕ್ಕಪ್ಪನ ಮೇಜಿನ ಖಾನೆ ಎಳೆದೆ. ಬೀಜದ ಪೊಟ್ಟಣಗಳ ಕೆಳಗೆ, ಎಡಗಡೆಗೆ ಹಾಕಬೇಕಿದ್ದ ಹೊಸ ಲೈನಿಂಗ್ ಕಾಗದ ಸುತ್ತಿದಂತೆಯೇ ಇತ್ತು.

ತಾತ, ಆಗ ನನಗೆ ನಿಜಕ್ಕೂ ಭಯವಾಯಿತು. ಹೊರಗಿನವರನ್ನು ಅನುಮಾನಿಸುವುದು ಸುಲಭ. ಚಿಕ್ಕಪ್ಪ ಮಕ್ಕಳ ಜೀವದ ವಿಷಯದಲ್ಲಿ ಸುಳ್ಳು ಹೇಳುವವರಲ್ಲ.

ಬಿಟ್ಟುಹೋಗಿದ್ದ ಜಾಕ್ ತೆಗೆದುಕೊಳ್ಳಲು ಏಳುಮಲೈ ಬಂದಾಗ, ಎಂದೂ ಎದುರು ನಿಂತು ಕೇಳದ ನಾನು ಗೇಟಿನ ಹತ್ತಿರ ಹೋಗಿ, ಎಡ ಚಕ್ರ ಏಕೆ ಬಿಚ್ಚಲಿಲ್ಲವೆಂದು ಕೇಳಿಬಿಟ್ಟೆ. ಅವರು ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಅದೆ ತೊಡವೇ ಕೂಡಾದುನ್ನು ಸೊಲ್ಲಿಟ್ಟಾರು ಪಾಪ್ಪಾ. ನಾನ್ ಎನ್ನ ಪಣ್ಣ?" ಎಂದರು. ಎಡಗಡೆಯದನ್ನು ಮುಟ್ಟಲೇಬಾರದೆಂದು ಚಿಕ್ಕಪ್ಪನೇ ತಡೆದಿದ್ದರು, ಅವರಾದರೂ ಏನು ಮಾಡಿಯಾರು. ಕೆಲಸ ಅರ್ಧಕ್ಕೆ ಬಿಟ್ಟ ಮನೆಯಲ್ಲಿ ಟೀ ಕುಡಿಯಲು ಅವರಿಗೆ ಮನಸ್ಸಾಗಲಿಲ್ಲವಂತೆ.

ಚಿಕ್ಕಪ್ಪನನ್ನು ಕೇಳಿದಾಗ ಮಲ್ಲಿಗೆ ಸಸಿಗಳಿಗೆ ನೀರು ಹಾಕುತ್ತಲೇ ಹೇಳಿದರು. ಟ್ರ್ಯಾಕ್ಟರು ಲಾರಿ ಹತ್ತುವ ದಿನ ನೀವು ಎಡ ಚಕ್ರದ ಮೇಲೆ ಕೈಯಿಟ್ಟು, "ಇದ್ರ ಲೈನಿಂಗ್ ನಾನೇ ರಿವೆಟ್ ಹೊಡ್ದು ಕೂರ್ಸಿದ್ದು ಕಣ್ಲಾ. ನಾನಿರೋಗಂಟ ಸವ್ಯಾಕಿಲ್ಲ, ಯಾರ್ ಕೈಲೂ ಬಿಚ್ಚುಸ್ಬ್ಯಾಡ" ಅಂದಿದ್ದಿರಂತೆ. ನಿಮಗೆ ನೆನಪಿದೆಯೋ ಇಲ್ಲವೋ. ಅವರು ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ. ಸವೆದದ್ದು ಕಂಡರೆ ನಿಮಗೇನಾದರೂ ಆದೀತೆಂದು ಬಿಚ್ಚಿ ನೋಡುವುದಕ್ಕೂ ಅವರಿಗೆ ಧೈರ್ಯವಿಲ್ಲ. "ಅಪ್ಪ ಆಸ್ಪತ್ರೆಯಿಂದ ಈಗ್ತಾನೆ ಮನೆಗ್ ಬಂದದೆ. ಈಗ ಹೋಗಿ ಅದ್ನ ಬಿಚ್ಚು ಅಂತೀಯಲ್ಲ ಕಣವ್ವ," ಎಂದವರ ಕೈಯಲ್ಲಿ ಪೈಪಿನ ನೀರು ಒಂದೇ ಗಿಡಕ್ಕೆ ಸುರಿಯುತ್ತಿತ್ತು. ನಿಧಾನವಾಗಿ ಓಡಿಸುತ್ತಾರಂತೆ, ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸುತ್ತಾರಂತೆ.

ಚಿಕ್ಕವಳಾಗಿದ್ದಾಗ ನೀವೇ ನನಗೆ ತೋರಿಸಿದ್ದಿರಿ. ಗದ್ದೆಯಲ್ಲಿ ತಿರುಗಿಸಲು ಎಡಕ್ಕೊಂದು ಬಲಕ್ಕೊಂದು ಪೆಡಲ್, ರಸ್ತೆಗೆ ಬಂದರೆ ಕೊಂಡಿ ಹಾಕಿ ಎರಡನ್ನೂ ಒಂದಾಗಿ ತುಳಿಯಬೇಕು. ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಗಾಡಿ ಹಿಡಿದ ಕಡೆಗೇ ತಿರುಗಿಬಿಡುತ್ತದೆ. ಮಧ್ಯಾಹ್ನ ಚಿಕ್ಕಪ್ಪ ಖಾಲಿ ಗಾಡಿ ಓಡಿಸಿ ನಿಲ್ಲಿಸಿದ ಜಾಗ ನೋಡಿದೆ. ಮಣ್ಣಿನಲ್ಲಿ ಬಲ ಚಕ್ರ ಎಳೆದ ಗೆರೆ ಉದ್ದಕ್ಕಿತ್ತು. ಎಡ ಚಕ್ರ ಸುಮ್ಮನೆ ಉರುಳಿಹೋಗಿತ್ತು.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಅಪ್ಪ ಅಮ್ಮ ನಿಮ್ಮನ್ನು ಕೇಳಿದ್ದಾರೆ. ಟ್ರ್ಯಾಕ್ಟರಿನ ಮುಂದೆ ಕೂರುವವಳು ತಾನೇ ಎಂದು ತೇಜು ತಮಿಳಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಸುಗುಣತ್ತೆಗೆ ನನ್ನ ನಮಸ್ಕಾರ.

ನಿಮ್ಮ ಮೊಮ್ಮಗಳು
ತೃಪ್ತಿ

ಮತ್ತೆ: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ನಾಳೆ ಬೆಳಿಗ್ಗೆ ಚಿಕ್ಕಪ್ಪ ಕುಂಡ ತರಲು ಪೇಟೆಯ ಪ್ಯಾರೀಸ್ ಕಾರ್ನರ್‌ಗೆ ಹೋಗುತ್ತಾರೆ, ಬರುವುದು ಮಧ್ಯಾಹ್ನ. ಹತ್ತು ಗಂಟೆಗೆ ಬರಲು ಏಳುಮಲೈ ಅವರಿಗೆ ಹೇಳಿದ್ದೇನೆ. ಖಾನೆಯಿಂದ ಲೈನಿಂಗ್ ತೆಗೆದು ಅವರ ಕೈಗೆ ಕೊಡುವವಳು ನಾನೇ. ನಿಮ್ಮ ಅಪ್ಪಣೆ ಕೇಳುತ್ತಿಲ್ಲ ತಾತ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಮಕ್ಕಳು ಕೆರೆ ನೋಡಿ ಮನೆಗೆ ಹೋಗಿರುತ್ತಾರೆ. ಓದಿದ ಕೂಡಲೇ ಸುಗುಣತ್ತೆಯ ಫೋನಿನಿಂದ ಚಿಕ್ಕಪ್ಪನನ್ನು ಕರೆದು, ಅವರು ಹೇಳುವುದು ಕೇಳದಿದ್ದರೂ ಪರವಾಗಿಲ್ಲ, ಚೆನ್ನಾಗಿ ಬೈಯಿರಿ. ನಿಮ್ಮ ದನಿ ಅವರಿಗೆ ಕೇಳಿದರೆ ಸಾಕು.