ಜಂಗಮಕೋಟೆಯ ಒದ್ದೆ ಸೊಪ್ಪು

ಜಂಗಮಕೋಟೆ, ಶುಕ್ರವಾರ

ಭಾವ,

ನಿಮ್ಮ ಕ್ಲೋಸಪ್ ಲೆನ್ಸ್ ಕ್ಷೇಮ, ನನ್ನ ಮಾನ ಹೋಯಿತು. ಪ್ರದರ್ಶನಕ್ಕೆ ಕಳಿಸಲು ಒಂದೇ ಒಂದು ಎಲೆಯ ಪಟ ಬೇಕೆಂದು ಅಕ್ಕಯ್ಯಮ್ಮ ಎಂಬುವವರ ಹಿಪ್ಪುನೇರಳೆ ತೋಟದಲ್ಲಿ ಬೆಳಗ್ಗೆಯಿಂದ ಮಂಡಿಯೂರಿದ್ದೆ. ಇಬ್ಬನಿ ಬಿದ್ದಿರಲಿಲ್ಲ. ನೀರಿನ ಸ್ಪ್ರೇ ಬಾಟಲಿ ತೆಗೆದು ನಾನೇ ಇಬ್ಬನಿ ಬೀಳಿಸಿದೆ, ಎರಡು ಸಾಲು ಪೂರ್ತಿ.

ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯಲು ಬಂದ ಅಕ್ಕಯ್ಯಮ್ಮ ಕೂಗಿಕೊಂಡರು: “ಏನಮ್ಮಾ ಮಾಡ್ದೆ! ಒದ್ದೆ ಸೊಪ್ಪು ತಿಂದ್ರೆ ಹುಳಕ್ಕೆ ರೋಗ ಬರ್ತದೆ. ಒರ್ಸು, ಒಂದೊಂದೇ ಎಲೆ ಒರ್ಸು!” ನಿಮ್ಮ ಲೆನ್ಸ್ ಒರೆಸುವ ಬಟ್ಟೆಯಲ್ಲೇ ಒರೆಸಿದೆ. ಅದರ ಆಸೆ ಬಿಡಿ.

ಸಿಟ್ಟಿಳಿದ ಮೇಲೆ ಪಟಗಳನ್ನು ತೋರಿಸಿದೆ. ಹನಿಯೊಳಗೆ ಸೂರ್ಯ ಹೊಳೆಯುವ ನಲವತ್ತನ್ನೂ “ನೆಂದಿದೆ, ಬೇಡ” ಎಂದು ಬೆರಳಿನಿಂದ ಸರಿಸಿದರು. ಕೊನೆಯದು, ಒರೆಸಿದ ಮೇಲೆ ಸುಮ್ಮನೆ ತೆಗೆದ ಎಳೆ ಎಲೆ. ಅದರ ನರನರವೂ ಕಾಣುತ್ತಿತ್ತು. ಕನ್ನಡಕ ಮೇಲೇರಿಸಿ ತುಂಬ ಹೊತ್ತು ನೋಡಿ, “ಇದನ್ನ ಹುಳಕ್ಕೆ ಹಾಕ್ಬೋದು” ಅಂದರು.

ಮಂಡಿ ಹಿಡಿದುಕೊಂಡಿದೆ, ಅಕ್ಕನಿಗೆ ಹೇಳಬೇಡಿ. ಬಸ್ಸು ಬಂತು. ಪ್ರದರ್ಶನಕ್ಕೆ ಅದೇ ಪಟ ಕಳಿಸಿದ್ದೇನೆ. ಶೀರ್ಷಿಕೆ: ‘ಹುಳಕ್ಕೆ ಹಾಕಬಹುದು’.

ಮಹತಿ